ಹಿತ್ತಲು ನುಂಗುವ ಅಲಂಕಾರದ ಗಿಡಗಳು: ಮಲೆನಾಡಿನ ಮಳೆಯಲ್ಲಿ ಅವನ್ನು ಹತೋಟಿಗೆ ತರುವುದು ಹೇಗೆ

ಹನ್ನೆರಡು ವರ್ಷಗಳ ಹಿಂದೆ ಸಾಗರದ ಕಡೆಯ ನೆಂಟರ ಮನೆಯಿಂದ ಬರುವಾಗ ಅಡಿಕೆ ಹಾಳೆಯಲ್ಲಿ ಸುತ್ತಿ ಒಂದು ಹಿಡಿ ಬಳ್ಳಿ ತಂದಿದ್ದೆ. ಎಣ್ಣೆ ಸವರಿದಂತೆ ಹೊಳೆಯುವ ಎಲೆ, ಪುಟ್ಟ ಸೂರ್ಯಕಾಂತಿಯಂಥ ಹಳದಿ ಹೂವು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿರುವ ನಮ್ಮ ಮನೆಯ ಹಿಂದೆ ಆಳೆತ್ತರದ ಧರೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರು, ಇದೆ. ಆಗ ಅದು ಬೋಳಾಗಿತ್ತು. ಪ್ರತಿ ಆಷಾಢದಲ್ಲೂ ಒಂದಿಷ್ಟು ಮಣ್ಣು ಜಾರಿ ಬಚ್ಚಲುಮನೆಯ ಗೋಡೆಗೆ ಬಂದು ಒರಗುತ್ತಿತ್ತು. “ಇದನ್ನು ಊರಿಬಿಡು, ಒಂದೇ ಮಳೆಗಾಲದಲ್ಲಿ ಧರೆ ಹಸಿರಾಗುತ್ತದೆ” ಎಂದಿದ್ದರು ಅತ್ತಿಗೆ. ಅವರ ಮಾತು ಸುಳ್ಳಾಗಲಿಲ್ಲ. ಮೊದಲ ಮಳೆಗಾಲದಲ್ಲಿ ಧರೆ, ಎರಡನೆಯದರಲ್ಲಿ ಹೂವಿನ ಪಾತಿ, ಮೂರನೆಯದರಲ್ಲಿ ಅಗಳು ದಾಟಿ ತೋಟದ ಬಸಿಗಾಲುವೆ. ನಾಲ್ಕನೆಯ ವರ್ಷ ರೋಸಿಹೋಗಿ, ಪುಷ್ಯ ಮಳೆ ಸುರಿಯುತ್ತಿರುವಾಗಲೇ ಕಳೆ ಕೊಚ್ಚುವ ಯಂತ್ರದಲ್ಲಿ ಎಲ್ಲವನ್ನೂ ಕೊಚ್ಚಿಸಿದೆ. ನೋಡಲು ನೆಲ ಚೊಕ್ಕಟವಾಗಿತ್ತು. ಹದಿನೈದು ದಿನ ಕಳೆಯುವಷ್ಟರಲ್ಲಿ ಯಂತ್ರ ಚಿಮ್ಮಿಸಿದ ತುಂಡುಗಳೆಲ್ಲ ಅಂಗಳದ ಅಂಚಿನಲ್ಲಿ, ಬಾವಿಕಟ್ಟೆಯ ಸಂದಿಯಲ್ಲಿ, ಕೊಟ್ಟಿಗೆಯ ಹಿಂದೆ ಎರಡೆರಡು ಎಲೆ ಬಿಟ್ಟು ನಿಂತಿದ್ದವು. ಕೂಲಿ ಕೊಟ್ಟು ನಾನೇ ಬಿತ್ತನೆ ಮಾಡಿಸಿದಂತಾಗಿತ್ತು.

ಆ ಬಳ್ಳಿ ವೆಡೇಲಿಯ. ಸಿಂಗಾಪುರ ಡೈಸಿ ಎಂದೂ ಕರೆಯುತ್ತಾರೆ, ಸಿಂಗಾಪುರಕ್ಕೂ ಅದಕ್ಕೂ ಹುಟ್ಟಿನ ಸಂಬಂಧವಿಲ್ಲ. ಅದರ ತವರು ಅಮೆರಿಕ ಖಂಡದ ಉಷ್ಣವಲಯ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ತಜ್ಞರು ಸಿದ್ಧಪಡಿಸಿದ, ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ನಮಗೆಲ್ಲ ಗೊತ್ತಿರುವ ಲಂಟಾನ, ಯುಪಟೋರಿಯಂ, ಕೆರೆ ಮುಚ್ಚುವ ಅಂತರಗಂಗೆ ಕೂಡ ಅದೇ ಪಟ್ಟಿಯಲ್ಲಿವೆ. ಲಂಟಾನವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದದ್ದು ಹೂವಿನ ಚೆಂದಕ್ಕೆ. ಅಂತರಗಂಗೆ ಊರೂರು ಸುತ್ತಿದ್ದೂ ಅದರ ನೇರಳೆ ಹೂವಿನ ಆಸೆಗೆ. ಹಾಗಾಗಿ ಒಂದು ಹಾಳೆ ತುಂಬ ಬಳ್ಳಿ ತಂದ ನನ್ನ ತಪ್ಪಿಗೆ ದೊಡ್ಡ ಪರಂಪರೆಯೇ ಇದೆ.

ಜೀವ ಎಲ್ಲಿದೆ ಎಂದು ಮೊದಲು ನೋಡಿ

ಕತ್ತಿ ಗುದ್ದಲಿ ಕೈಗೆತ್ತಿಕೊಳ್ಳುವ ಮೊದಲು ಒಂದೇ ಒಂದು ಗಿಡವನ್ನು ನಿಧಾನವಾಗಿ ಕಿತ್ತು ನೋಡಬೇಕು. ಕಥೆಯ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿ ಇರುವಂತೆ ಈ ಗಿಡಗಳ ಜೀವವೂ ಕಣ್ಣಿಗೆ ಕಾಣುವ ಎಲೆಯಲ್ಲಿ ಇರುವುದಿಲ್ಲ. ಅದು ಅಡಗುವ ಜಾಗ ನಾಲ್ಕು: ಕಾಂಡದ ಗೆಣ್ಣು, ಮಣ್ಣೊಳಗಿನ ಗಡ್ಡೆ, ಬುಡದ ಗಂಟು, ಬೀಜ. ಒಂದಕ್ಕೆ ಆಗುವ ಉಪಾಯ ಇನ್ನೊಂದಕ್ಕೆ ಆಗುವುದಿಲ್ಲ, ಎಷ್ಟೋ ಸಲ ತಿರುಗುಬಾಣವಾಗುತ್ತದೆ.

ಗೊತ್ತಿಲ್ಲದ ಗಿಡವಾದರೆ ಹೀಗೆ ಪರೀಕ್ಷಿಸಿ. ಎರಡು ಗೆಣ್ಣಿರುವ ತುಂಡನ್ನು ಒಂದು ಲೋಟ ನೀರಿನಲ್ಲಿ ಇಡಿ. ವಾರ ಹತ್ತು ದಿನದಲ್ಲಿ ಬಿಳಿ ಬೇರು ಇಳಿದರೆ ಅದು ಗೆಣ್ಣಿನ ಜಾತಿ: ವೆಡೇಲಿಯ, ಮನಿ ಪ್ಲಾಂಟ್, ಸಿಂಗೋನಿಯಂ, ನೇರಳೆ ಪಟ್ಟೆಯ ಟ್ರೆಡೆಸ್ಕಾಂಶಿಯ ಎಲ್ಲ ಈ ಗುಂಪಿನವು. ಎಲೆ ಹಿಡಿದು ಎಳೆದರೆ ತೊಟ್ಟು ಮಾತ್ರ ಕೈಗೆ ಬಂದು, ಅಗೆದರೆ ಬೆಳ್ಳುಳ್ಳಿಯ ಎಸಳಿನಂಥದ್ದೋ ಕಡಲೆಯಂಥದ್ದೋ ಸಿಕ್ಕರೆ ಗಡ್ಡೆಯ ಜಾತಿ. ಕಡಿದ ಬುಡದಿಂದ ಒಂದರ ಬದಲು ಹತ್ತು ಚಿಗುರು ಬಂದರೆ ಬುಡದ ಗಂಟಿನದು. ಹರಡುವುದೆಲ್ಲ ವೈರಿಯಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಕರ್ಣಕುಂಡಲ ಕಾಯಿ ಸಿಡಿಸಿ ಅಂಗಳದ ತುಂಬ ಹುಟ್ಟುತ್ತದೆ. ಎರಡು ಬೆರಳಲ್ಲಿ ಕಿತ್ತರೆ ಮುಗಿಯಿತು. ಅದು ಇಲ್ಲಿಯದೇ ಗಿಡ, ಅದನ್ನು ಅದರ ಪಾಡಿಗೆ ಬಿಡಿ.

ಗೆಣ್ಣಿನ ಬಳ್ಳಿಯನ್ನು ತೆಗೆಯುವ ಕ್ರಮ

ಮಳೆಗಾಲದಲ್ಲಿ ಮುಟ್ಟಬೇಡಿ. ಆಗುಂಬೆಯ ಸುತ್ತ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅಂಥ ತೇವದಲ್ಲಿ ಬೇಲಿಗೆ ನೆಟ್ಟ ಒಣ ಗೂಟವೂ ಚಿಗುರುವುದನ್ನು ನಾವು ಕಂಡವರು. ಬೇಸಿಗೆಯ ಆರಂಭ ಸರಿಯಾದ ಕಾಲ. ಜನವರಿಯವರೆಗೆ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು ಎಂದು ಯಾರಿಗೂ ಕೈ ಬಿಡುವಿರುವುದಿಲ್ಲ, ಆಳೂ ಸಿಗುವುದಿಲ್ಲ. ಫೆಬ್ರುವರಿಯಲ್ಲಿ ಶುರು ಮಾಡಿ.

ಹಿಂದಿನ ಸಂಜೆ ಆ ಜಾಗಕ್ಕೆ ಚೆನ್ನಾಗಿ ನೀರು ಹಾಯಿಸಿ. ವಿಚಿತ್ರವೆನಿಸಬಹುದು, ಆದರೆ ಒಣಗಿ ಗಟ್ಟಿಯಾದ ಕೆಂಪು ಮಣ್ಣಿನಿಂದ ಎಳೆದರೆ ಬಳ್ಳಿ ಗೆಣ್ಣಿನಲ್ಲೇ ತುಂಡಾಗಿ ಬೇರು ಒಳಗೆ ಉಳಿಯುತ್ತದೆ. ಬೆಳಗ್ಗೆ ಮೊದಲು ಹೊರಗಿನ ಗಡಿ ಹಿಡಿಯಿರಿ. ಬಳ್ಳಿ ಎಲ್ಲಿಯವರೆಗೆ ಹೋಗಿದೆಯೋ ಅದರಾಚೆ ಬಿಡಿಬಿಡಿಯಾಗಿ ಹುಟ್ಟಿದ ಸಸಿಗಳನ್ನು ಕಿತ್ತು, ಒಂದು ಗುದ್ದಲಿ ಅಗಲಕ್ಕೆ ಸುತ್ತಲೂ ನೆಲ ಕೆರೆಯಿರಿ. ನಡುವಿನ ದಟ್ಟ ಹಾಸನ್ನು ಮೊದಲು ತೆಗೆಯುವ ಆಸೆ ಯಾರಿಗೂ ಆಗುತ್ತದೆ, ಕೆಲಸ ಕಣ್ಣಿಗೆ ಕಾಣುತ್ತದಲ್ಲ! ಆದರೆ ಹೊರಗಿನ ಹತ್ತು ಸಸಿ ಬಿಟ್ಟರೆ ಮುಂದಿನ ಆರಿದ್ರೆಗೆ ಅವೇ ಹತ್ತು ಹಾಸು.

ಧರೆಯಾದರೆ ಬುಡದಲ್ಲಿ ಟಾರ್ಪಾಲು ಹಾಸಿ, ಮೇಲಿನಿಂದ ಕೆಳಕ್ಕೆ ಇಳಿಯುತ್ತ ಬನ್ನಿ. ಮುರಿದ ತುಂಡುಗಳು ಬಿದ್ದರೆ ಇನ್ನೂ ಕೆಲಸ ಬಾಕಿಯಿರುವ ಕಡೆಗೋ ಟಾರ್ಪಾಲಿಗೋ ಬೀಳಬೇಕು. ಕತ್ತಿಯಿಂದ ಎರಡಡಿ ಅಗಲದ ಪಟ್ಟಿಯಾಗಿ ಸೀಳಿಕೊಂಡು, ಒಬ್ಬರು ಸಣ್ಣ ಹಾರೆಯಿಂದ ಬೇರು ಸಡಿಲಿಸುತ್ತಿದ್ದರೆ ಇನ್ನೊಬ್ಬರು ಚಾಪೆ ಸುತ್ತುವಂತೆ ಸುತ್ತಿಕೊಳ್ಳುತ್ತ ಹೋಗಬಹುದು. ಒಬ್ಬರೇ ಮಾಡುವುದಾದರೆ ಪಟ್ಟಿ ಒಂದಡಿ ಸಾಕು, ಸೊಂಟ ಉಳಿಯುತ್ತದೆ. ಇಡೀ ಧರೆಯನ್ನು ಒಂದೇ ವರ್ಷ ಬೋಳು ಮಾಡಬೇಡಿ. ಬಳ್ಳಿ ಎಷ್ಟೇ ಕೆಟ್ಟದ್ದಾದರೂ ಮಣ್ಣಿನ ಮೇಲೆ ಅದೊಂದು ಹೊದಿಕೆ. ಹೊದಿಕೆ ಕಳಚಿದ ಧರೆ ಜುಲೈಯಲ್ಲಿ ಮನೆಯ ಮೇಲೆಯೇ ಬಂದೀತು. ಈ ವರ್ಷ ಅರ್ಧ, ಅಲ್ಲಿ ಬೇರೆ ಗಿಡ ಬೇರು ಹಿಡಿದ ಮೇಲೆ ಉಳಿದರ್ಧ.

ಈಗ ಬಹಳ ಮಂದಿ ಬಿಟ್ಟುಬಿಡುವ ಹಂತ. ಕಿತ್ತ ಜಾಗಕ್ಕೆ ಬೇಕೆಂದೇ ಮತ್ತೆ ಎರಡು ವಾರ ನೀರು ಕೊಡಿ. ಮಣ್ಣಿನಲ್ಲಿ ಉಳಿದ ತುಂಡುಗಳೆಲ್ಲ ಮೋಸಹೋಗಿ ಚಿಗುರುತ್ತವೆ. ಬೇಸಿಗೆಯ ಬಿಡುವಿನಲ್ಲಿ ಕುಳಿತು ಕೀಳುವುದು ಸುಲಭ. ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಉಂಬಳಗಳ ನಡುವೆ ಅದೇ ಕೆಲಸ ಮಾಡಿದವರಿಗೆ ಈ ಮಾತಿನ ಬೆಲೆ ತಿಳಿದೀತು. ಸಮತಟ್ಟು ಜಾಗವಾದರೆ ಚಿಗುರು ಕಿತ್ತ ಮೇಲೆ ಕಪ್ಪು ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿ, ಮೇ ಕೊನೆಯವರೆಗೆ ಬಿಡಬಹುದು. ಬೆಳಕಿಲ್ಲದೆ ಉಳಿದವೂ ಸೊರಗುತ್ತವೆ. ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ ನಾಲ್ಕರಿಂದ ಆರು ವಾರ ಮಣ್ಣು ಕಾಯಿಸುವ ವಿಧಾನ ಬಯಲುಸೀಮೆಗೆ ಒಳ್ಳೆಯದು. ಅದಕ್ಕೆ ದಿನವಿಡೀ ಬಿಸಿಲು ಬೇಕು. ಹಲಸಿನ ಮರದ ನೆರಳು ಆಡುವ ನಮ್ಮ ಹಿತ್ತಲಿನಲ್ಲಿ ಹಾಳೆಯ ಕೆಳಗೆ ಕಳೆ ಇನ್ನೂ ಹುಲುಸಾಗಿ ಬೆಳೆದದ್ದನ್ನು ಕಂಡು ನಾನು ಕೈಬಿಟ್ಟೆ.

ಜೂನಿನಿಂದ ದೀಪಾವಳಿಯವರೆಗೆ ಹದಿನೈದು ದಿನಕ್ಕೊಮ್ಮೆ ಕೈಯಲ್ಲೊಂದು ಚೀಲ ಹಿಡಿದು ಒಂದು ಸುತ್ತು ಬರಬೇಕು. ಮೊದಲ ವರ್ಷ ನನಗೆ ಸುತ್ತಿಗೆ ಅರ್ಧ ಚೀಲ ಸಿಗುತ್ತಿತ್ತು. ಎರಡನೆಯ ವರ್ಷ ಒಂದು ಬೊಗಸೆ. ಮೂರು ಮಳೆಗಾಲ ದಾಟುವವರೆಗೆ ಹೋಯಿತೆಂದು ಹೇಳುವಂತಿಲ್ಲ.

ಮರ ಹತ್ತುವ ಬಳ್ಳಿಗಳಿಗೆ ಕ್ರಮ ಸ್ವಲ್ಪ ಬೇರೆ. ಕುಂಡದಲ್ಲಿ ಅಂಗೈಯಷ್ಟಿದ್ದ ಮನಿ ಪ್ಲಾಂಟ್ ಎಲೆ ಮರ ಹತ್ತಿದರೆ ಮೊರದಷ್ಟಾಗುತ್ತದೆ. ಸಿಂಗೋನಿಯಂ ಅಡಿಕೆ ಮರವನ್ನು ಸುತ್ತಿ ಮೇಲೇರಿದರೆ ಮರ ಹತ್ತುವವರಿಗೆ ಕಾಲು ಊರಲು ಜಾಗವಿರುವುದಿಲ್ಲ. ಎದೆಯ ಮಟ್ಟದಲ್ಲೊಮ್ಮೆ, ನೆಲದ ಮಟ್ಟದಲ್ಲೊಮ್ಮೆ ಕಡಿದು ನಡುವಿನ ತುಂಡನ್ನು ತೆಗೆದುಬಿಡಿ. ಮೇಲಿನದು ಬೇಸಿಗೆಯಲ್ಲಿ ಸೊರಗಿದ ಮೇಲೆ ಎಳೆದರೆ ತೊಗಟೆಗೆ ಗಾಯವಾಗುವುದಿಲ್ಲ. ಕೈಗವಸು ಇರಲಿ, ಇವುಗಳ ರಸ ಕೆಸುವಿನ ಹಾಗೆ ತುರಿಸುತ್ತದೆ.

ಕಿತ್ತದ್ದನ್ನು ಎಲ್ಲಿ ಹಾಕುವುದು

ಹಳ್ಳಕ್ಕೆ ಮಾತ್ರ ಬೇಡ. ನಮ್ಮ ಮನೆಯ ಹಳ್ಳ ಹೋಗಿ ಸೇರುವುದು ತುಂಗೆಯನ್ನು. ನಾವು ಎಸೆದ ಗೆಣ್ಣು ಕೆಳಗಿನ ಊರಿನ ಗದ್ದೆಯಂಚಿನಲ್ಲಿ ಬೇರು ಬಿಡುತ್ತದೆ. ಗೊಬ್ಬರದ ಗುಂಡಿಗೂ ಹಸಿಯಾಗಿ ಹಾಕಬಾರದು. ಗುಂಡಿಯ ಅಂಚಿನಲ್ಲಿ ಬದುಕಿದ್ದು ಮುಂದಿನ ವರ್ಷ ಗೊಬ್ಬರದ ಬುಟ್ಟಿಯೇರಿ ಪ್ರತಿ ಅಡಿಕೆ ಬುಡಕ್ಕೂ ತಲುಪುತ್ತದೆ.

ಎರಡು ದಾರಿ ನನಗೆ ಸರಿಹೋಗಿವೆ. ಒಂದು, ಪ್ಲಾಸ್ಟಿಕ್ ಗೊಬ್ಬರದ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಸಿಮೆಂಟಿನ ಅಂಗಳದಲ್ಲಿ ಏಪ್ರಿಲ್ ಬಿಸಿಲಿಗೆ ಒಂದು ತಿಂಗಳು ಬಿಡುವುದು. ಎಲೆ ಕಪ್ಪಾಗಿ ಕಾಂಡ ಲಟಕ್ಕನೆ ಮುರಿಯುವಂತಾದರೆ ಒಲೆಗೆ ಹಾಕಬಹುದು. ಇನ್ನೊಂದು, ಹಳೆಯ ಡ್ರಮ್ಮಿನಲ್ಲಿ ನೀರಿಗೆ ಮುಳುಗಿಸಿ, ಮೇಲೆ ಭಾರದ ಕಲ್ಲಿಟ್ಟು, ಸೊಳ್ಳೆ ಮೊಟ್ಟೆಯಿಡದಂತೆ ಬಟ್ಟೆ ಬಿಗಿದು ಒಂದು ತಿಂಗಳು ಕೊಳೆಸುವುದು. ವಾಸನೆ ಅಸಾಧ್ಯ, ಆದ್ದರಿಂದ ಗಾಳಿಯ ದಿಕ್ಕು ನೋಡಿ ಇಡಿ. ಆ ನೀರನ್ನು ಹತ್ತು ಪಟ್ಟು ತೆಳ್ಳಗೆ ಮಾಡಿ ದಾಸವಾಳಕ್ಕೆ ಹಾಕಿದರೆ ಗಿಡ ಬೇಸರಿಸುವುದಿಲ್ಲ.

ಗಡ್ಡೆಯವು

ತಿಳಿಗುಲಾಬಿ ಹೂವಿನ, ಹೃದಯದಾಕಾರದ ಮೂರೆಲೆಯ ಹುಳಿಸೊಪ್ಪಿನ ಜಾತಿಯೊಂದಿದೆ, ಆಕ್ಸಾಲಿಸ್. ಕುಂಡದಲ್ಲಿ ಮುದ್ದಾಗಿರುತ್ತದೆ. ಬುಡ ಅಗೆದು ನೋಡಿದರೆ ತಾಯಿಗಡ್ಡೆಯ ಸುತ್ತ ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಿಗಡ್ಡೆಗಳು ಹತ್ತಾರು. ಕೈ ತಗುಲಿದರೆ ಸಾಕು, ಉದುರಿ ಮಣ್ಣಿಗೆ ಸೇರುತ್ತವೆ. ಇದನ್ನು ಗುದ್ದಲಿಯಿಂದ ಕೆದಕುವುದೆಂದರೆ ಬಿತ್ತುವುದೇ. ಸಣ್ಣ ಜಾಗವಾದರೆ ಸುತ್ತಲಿನ ಮಣ್ಣು ಸಮೇತ ಒಂದು ಗೇಣು ಆಳಕ್ಕೆ ಎತ್ತಿ, ಮರಳು ಜರಡಿಯಲ್ಲಿ ಜಾಲಿಸಿ. ದೊಡ್ಡ ಜಾಗವಾದರೆ ಹಸಿವಿನಿಂದ ಸಾಯಿಸುವುದೊಂದೇ ದಾರಿ. ಎಲೆ ಬಂದಂತೆಲ್ಲ ವಾರಕ್ಕೊಮ್ಮೆ ಮೇಲಿನಿಂದಲೇ ಚಿವುಟಿ, ನಾಲ್ಕೈದು ಅಂಗುಲ ದಪ್ಪಕ್ಕೆ ದರಗು (ಒಣಗಿದ ಎಲೆ) ಮುಚ್ಚಿ. ಎಲೆಯಿಲ್ಲದೆ ಗಡ್ಡೆ ಎಷ್ಟು ದಿನ ಹಳೆಯ ಗಂಟು ತಿಂದೀತು?

ಕೊನ್ನಾರಿ ಗಡ್ಡೆಯ ಮಾತು ಹೆಚ್ಚು ಬೇಡ, ಅದು ನಮ್ಮೊಡನೆ ಹುಟ್ಟಿ ಬೆಳೆದದ್ದು. ಅದಕ್ಕೆ ಬಿಸಿಲು ಬೇಕು, ನೆರಳು ಆಗದು ಎಂಬ ಒಂದು ಗುಟ್ಟು ನೆನಪಿಟ್ಟರೆ ಸಾಕು. ಆ ಪಾತಿಯಲ್ಲಿ ಎರಡು ವರ್ಷ ಅರಿಶಿನವನ್ನೋ ಗೆಣಸನ್ನೋ ಒತ್ತಾಗಿ ಬೆಳೆಯಿರಿ.

ಲಂಟಾನ: ಕಡಿಯಬೇಡಿ, ತಲೆಕೆಳಗು ಮಾಡಿ

ಲಂಟಾನದ ಬೇಲಿಯನ್ನು ವರ್ಷವರ್ಷ ಕಡಿಯುವವರು ಅದರ ಬುಡವನ್ನು ವರ್ಷವರ್ಷ ದಪ್ಪ ಮಾಡುತ್ತಾರೆ. ಬೆಂಕಿಯಿಟ್ಟರೂ ಅಷ್ಟೇ, ಮೊದಲ ಮಳೆಗೆ ಚಿಗುರುತ್ತದೆ. ಇದರ ಜೀವ ಕಾಂಡ ಮತ್ತು ಬೇರು ಕೂಡುವ ಗಂಟಿನಲ್ಲಿದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಮತ್ತು ಜೊತೆಗಾರರು ರೂಪಿಸಿದ ವಿಧಾನ ಸರಳವಾಗಿದೆ. ಒಬ್ಬರು ಕೊಂಬೆಗಳನ್ನು ಒಗ್ಗೂಡಿಸಿ ಬಗ್ಗಿಸಿ ಹಿಡಿಯಬೇಕು. ಇನ್ನೊಬ್ಬರು ಪಿಕಾಸಿಯಿಂದ ಮಣ್ಣು ಸರಿಸಿ, ನೆಲಮಟ್ಟದಿಂದ ಒಂದೆರಡು ಅಂಗುಲ ಕೆಳಗೆ ತಾಯಿಬೇರನ್ನು ಕಡಿಯಬೇಕು. ಗಂಟು ಪೂರ್ತಿ ಗಿಡದ ಜೊತೆಯೇ ಮೇಲೆ ಬರಬೇಕು. ಆಮೇಲೆ ಗಿಡವನ್ನು ಬುಡ ಮೇಲಾಗಿ ನಿಲ್ಲಿಸಿ ಒಣಗಲು ಬಿಡಬೇಕು. ಮಲಗಿಸಿದರೆ ನೆಲ ಮುಟ್ಟಿದ ಕೊಂಬೆ ಮತ್ತೆ ಬೇರು ಬಿಟ್ಟೀತು. ಎಳೆಯ ಸೊಪ್ಪನ್ನು ದನಗಳ ಮುಂದೆ ಹಾಕಬೇಡಿ. ಅದು ಯಕೃತ್ತಿಗೆ ವಿಷ. ತಿಂದ ದನಕ್ಕೆ ಕಾಮಾಲೆಯಾಗಿ, ಬಿಸಿಲು ತಾಗಿದ ಕಡೆ ಚರ್ಮ ಸುಲಿಯುತ್ತದೆ.

ಕಾಡಂಚಿನ ಮನೆಯಾದರೆ ಲಂಟಾನಕ್ಕೆ ನಾನು ಹೇಳುವ ಕಾಲವೇ ಬೇರೆ. ಡಿಸೆಂಬರಿನಿಂದ ಮೇವರೆಗೆ ಪೊದೆಯೊಳಗೆ ನುಗ್ಗುವುದು ಬೇಡ. ಅದು ಮಂಗನ ಕಾಯಿಲೆಯ ಕಾಲ, ಅದನ್ನು ಹರಡುವ ಉಣುಗುಗಳು ಕಾಡಿನ ನೆಲದ ತರಗೆಲೆ ಪೊದೆಗಳಲ್ಲಿರುತ್ತವೆ. 1957ರಲ್ಲಿ ಈ ರೋಗ ಮೊದಲು ಪತ್ತೆಯಾದದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಮೃಗಶಿರ ಮಳೆ ಬಿದ್ದು ಮಣ್ಣು ಮೆತ್ತಗಾದ ಮೇಲೆ ಕೈ ಹಾಕಿದರೆ ಬೇರೂ ಸುಲಭವಾಗಿ ಬರುತ್ತದೆ. ಅನಿವಾರ್ಯವಾಗಿ ಬೇಸಿಗೆಯಲ್ಲೇ ಮಾಡಬೇಕಾದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಸವರಿಕೊಂಡು, ಮೈತುಂಬ ಬಟ್ಟೆ ಹಾಕಿ, ಮನೆಗೆ ಬಂದವರೇ ಬಿಸಿನೀರು ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿನಲ್ಲಿ ನೆನೆಸಿ. ಮಂಗ ಸತ್ತ ಸುದ್ದಿಯಿದ್ದರೆ ಆ ಕಡೆ ಹೋಗಲೇಬಾರದು.

ಲಂಟಾನ ತೆಗೆದ ಮೇಲೆ ಹಕ್ಕಿಗಳು ಕೂರುವ ಮರದ ಕೆಳಗೆ ಕಣ್ಣಿಡಿ. ಪಿಕಳಾರಗಳು ಅದರ ಹಣ್ಣು ತಿಂದು ಬೀಜ ಉದುರಿಸುವುದು ಅಲ್ಲಿಯೇ. ಸೊಪ್ಪಿನ ಬೆಟ್ಟದ ಯುಪಟೋರಿಯಂ ಬೀಜ ಹೋಗುವುದು ಗಾಳಿಯಲ್ಲಿ. ಅದನ್ನು ಕೊಟ್ಟಿಗೆಗೆ ಹಾಸಲು ಕೊಯ್ಯುವುದಾದರೆ ಹೂ ಬಿಡುವ ಮೊದಲೇ, ದೀಪಾವಳಿಯ ಒಳಗೆ ಕೊಯ್ದುಬಿಡಿ. ಗೊಬ್ಬರಕ್ಕೆ ಗೊಬ್ಬರವೂ ಆಯಿತು, ಬೀಜವೂ ತಪ್ಪಿತು. ಕಾಂಗ್ರೆಸ್ ಗಿಡಕ್ಕೂ ಇದೇ ಮಾತು: ಬಿಳಿ ಹೂ ಕಾಣುವ ಮೊದಲು, ಕೈಗವಸು ಹಾಕಿ, ಬೇರು ಸಹಿತ. ಅದರ ಎಲೆ ತಿನ್ನುವ ಮೆಕ್ಸಿಕೋ ಮೂಲದ ಪುಟ್ಟ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಎಲೆಯ ಮೇಲೆ ಕಂದು ಗೆರೆಗಳಿರುವ ಕೆನೆಬಣ್ಣದ ಹುಳು ಕಂಡರೆ ಅದನ್ನು ಕೊಲ್ಲಬೇಡಿ, ಅದು ನಿಮ್ಮ ಪಾಲಿನ ಕೆಲಸ ಮಾಡುತ್ತಿದೆ.

ಕಮಲದ ತೊಟ್ಟಿಯಲ್ಲಿ ಅಂತರಗಂಗೆ ಇಟ್ಟುಕೊಂಡವರಿಗೆ ಒಂದೇ ಸಾಲು: ತೆಗೆದು ಒಣ ಅಂಗಳದಲ್ಲಿ ಹರಡಿ, ಪೂರ್ತಿ ಒಣಗಿದ ಮೇಲೆ ಗೊಬ್ಬರಕ್ಕೆ ಹಾಕಿ. ತೊಟ್ಟಿ ತೊಳೆದ ನೀರನ್ನು ಕೆರೆಯ ಕಡೆ ಬಿಡಬೇಡಿ, ತೆಂಗಿನ ಬುಡಕ್ಕೆ ಹೊಯ್ಯಿರಿ.

ಔಷಧಿ ಹೊಡೆದರೆ ಆಗುವುದಿಲ್ಲವೇ?

ಎಲ್ಲರೂ ಕೇಳುವ ಪ್ರಶ್ನೆ. ಗ್ಲೈಫೋಸೇಟ್ ಎಂಬ ಕಳೆನಾಶಕದ ಬಳಕೆಯನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ನಿರ್ಬಂಧಿಸಿ, ಪರವಾನಗಿ ಪಡೆದ ಕೀಟ ನಿಯಂತ್ರಣ ನಿರ್ವಾಹಕರ ಮೂಲಕ ಮಾತ್ರ ಬಳಸಬೇಕೆಂದು ಆದೇಶಿಸಿತು. ಆದೇಶದ ಮಾತು ಬಿಡಿ, ಧರೆಗೆ ಹೊಡೆದದ್ದು ಒಂದು ಮಳೆಗೆ ಇಳಿದು ಬರುವುದು ಬಾವಿಯ ಕಡೆಗೆ, ತೋಟದ ಕಾಲುವೆಗೆ. ಒಮ್ಮೆ ಎಲೆ ಸುಟ್ಟರೂ ಗೆಣ್ಣು ಗಡ್ಡೆಗಳು ಮತ್ತೆ ತಲೆಯೆತ್ತುತ್ತವೆ. ಉಪ್ಪು ಸುರಿಯುವುದು, ಸೀಮೆಎಣ್ಣೆ ಹೊಯ್ಯುವುದು ಇನ್ನೂ ಕೆಟ್ಟದ್ದು. ಬಳ್ಳಿಗಿಂತ ಮೊದಲು ಮಣ್ಣು ಸಾಯುತ್ತದೆ.

ಖಾಲಿ ಜಾಗವನ್ನು ಖಾಲಿ ಬಿಡಬೇಡಿ

ರೋಹಿಣಿ ಮಳೆಯ ಹೊತ್ತಿಗೆ ಕಿತ್ತ ಜಾಗದಲ್ಲಿ ಬೇರೆ ಗಿಡ ಕೂತಿರಬೇಕು. ಧರೆಗೆ ಲಾವಂಚಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಬುಡ ಒಡೆದು, ಇಳಿಜಾರಿಗೆ ಅಡ್ಡಲಾಗಿ ಗೇಣಿಗೊಂದರಂತೆ ಸಾಲು ನೆಟ್ಟರೆ ಬೇರು ಆಳಕ್ಕಿಳಿದು ಮಣ್ಣು ಹಿಡಿಯುತ್ತದೆ. ನಡುನಡುವೆ ಕೇಪಳ, ಆಡುಸೋಗೆ. ತಂಪಿನ ನೆರಳಿಗೆ ಒಂದೆಲಗ. ಅದೂ ಹಬ್ಬುತ್ತದೆ, ಗೆಣ್ಣಿನಿಂದಲೇ ಹಬ್ಬುತ್ತದೆ, ಆದರೆ ವಾರಕ್ಕೆರಡು ದಿನ ತಂಬುಳಿ ಮಾಡುವ ಮನೆಯಲ್ಲಿ ಅದು ಹತೋಟಿ ಮೀರಿದ್ದುಂಟೇ? ಚಪ್ಪರಕ್ಕೆ ಹಬ್ಬಿಸಲು ಬಳ್ಳಿ ಬೇಕೆಂದರೆ ಪಶ್ಚಿಮ ಘಟ್ಟದ್ದೇ ಆದ ತುನ್‌ಬರ್ಜಿಯ ಮೈಸೊರೆನ್ಸಿಸ್ ಇದೆ. ಹಳದಿ ಕೆಂಪು ಹೂವಿನ ಮಾಲೆಗಳು ಮಾರುದ್ದ ಇಳಿಬೀಳುತ್ತವೆ, ಸೂರಕ್ಕಿಗಳು ಇಡೀ ದಿನ ಅಲ್ಲೇ ಇರುತ್ತವೆ.

ಹೊಸ ಗಿಡ ತರುವುದನ್ನಂತೂ ನಾನು ನಿಲ್ಲಿಸಿಲ್ಲ, ನಿಲ್ಲಿಸಿ ಎಂದು ಹೇಳುವುದೂ ಇಲ್ಲ. ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ ಎಂಬ ಮಾತು ನಮ್ಮಲ್ಲಿದೆ, ಕೇಳಿ ತಂದದ್ದೂ ಬರುತ್ತದೆ. ಈಗ ನಮ್ಮ ಮನೆಗೆ ಬಂದ ಯಾವ ಗಿಡವಾದರೂ ಒಂದು ಪೂರ್ತಿ ಮಳೆಗಾಲ ಸಿಮೆಂಟಿನ ಅಂಗಳದ ಮೇಲೆ, ಕುಂಡದಲ್ಲೇ ಕಳೆಯಬೇಕು. ಕುಂಡದ ತೂತಿನಿಂದ ಬೇರು ಹೊರಗೆ ಹುಡುಕುತ್ತದೆಯೇ, ಅಂಚು ದಾಟಿ ನೆಲ ಮುಟ್ಟಿದ ಕಾಂಡ ಅಲ್ಲೇ ಊರುತ್ತದೆಯೇ, ಪಕ್ಕದ ಕುಂಡಗಳಲ್ಲಿ ಅದರ ಸಸಿ ಹುಟ್ಟುತ್ತದೆಯೇ ಎಂದು ನೋಡುತ್ತೇನೆ. ಮೂರರಲ್ಲಿ ಎರಡಕ್ಕೆ ಹೌದು ಎಂದಾದರೆ ಅದಕ್ಕೆ ನೆಲ ಸಿಗುವುದಿಲ್ಲ. ಕಾಯಿ ಕಟ್ಟದ ತಳಿ ಎಂದು ನರ್ಸರಿಯವರು ಕೊಡುವ ಬಣ್ಣಬಣ್ಣದ ಗಿಡ್ಡ ಲಂಟಾನಕ್ಕೂ ಇದೇ ಪರೀಕ್ಷೆ. ಕಪ್ಪು ಹಣ್ಣು ಕಂಡ ದಿನವೇ ಅದನ್ನು ಬುಡಮೇಲು ಮಾಡುತ್ತೇನೆ.

ಕಳೆದ ಸ್ವಾತಿ ಮಳೆಯ ಮರುದಿನ ಧರೆಯ ಸುತ್ತು ಹೋದಾಗ ಲಾವಂಚದ ಸಾಲಿನ ಕೆಳಗೆ ಎಣ್ಣೆ ಸವರಿದಂಥ ಎರಡೆಲೆ ಕಂಡಿತು. ಚೀಲ ತಂದಿರಲಿಲ್ಲ. ಕಿತ್ತು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಬಂದು, ಸೀದಾ ಬಚ್ಚಲ ಒಲೆಗೆ ಹಾಕಿದೆ.